ಹುಂಜದ ಗರಿಯ ಫ್ಲೈ ಬಿಚ್ಚಿಕೊಳ್ಳುತ್ತಿದ್ದರೆ

ಮಾರ್ಕೋನಹಳ್ಳಿ ಜಲಾಶಯದಲ್ಲಿ ನಾಲ್ಕೈದು ಸಲ ಎಸೆಯುವಷ್ಟರಲ್ಲೇ ಫ್ಲೈನ (ಗಾಳಕ್ಕೆ ಗರಿ, ನೂಲು ಕಟ್ಟಿ ಮಾಡುವ ಹುಳದಂಥ ಕೃತಕ ಮೀನೆರೆಯ) ಗರಿ ಬಿಚ್ಚಿಕೊಳ್ಳುತ್ತದೆ ಎಂದಿರಿ. ಬಹುಶಃ ಗರಿಯ ದಂಟನ್ನು ಬರಿ ಗಾಳದ ಮೇಲೇ ಕಟ್ಟಿದ್ದೀರಿ, ಇಲ್ಲವೇ ಮೇಲೆ ತಂತಿಯ ಹಿಡಿತ ಇಲ್ಲ. ಫೋಟೊ ನೋಡದೆ ಇವೆರಡರಲ್ಲಿ ಯಾವುದು ಎನ್ನಲಾರೆ, ಎರಡನ್ನೂ ಸರಿಮಾಡಿ.

10ನೇ ನಂಬರ್ ಗಾಳಕ್ಕೆ ಮೊದಲು ಉದ್ದಕ್ಕೂ ನೂಲು ಸುತ್ತಿ. ಗಾಳದ ಬಾಗಿನ ಹತ್ತಿರ ತಂತಿಯ ಒಂದು ತುದಿ ಕಟ್ಟಿ, ಉಳಿದದ್ದನ್ನು ನೇತಾಡಲು ಬಿಟ್ಟು, ಉಣ್ಣೆಯ ಮೈ ಸುತ್ತುತ್ತಾ ಮುಂದೆ ಬನ್ನಿ. ಗಾಳದ ಕಣ್ಣಿನ (ದಾರ ಕಟ್ಟುವ ತೂತಿನ) ಹಿಂದೆ 2 ಮಿ.ಮೀ. ಖಾಲಿ ಇರಲಿ. ಫ್ಯಾನ್ ರಿವೈಂಡಿಂಗ್ ಅಂಗಡಿಯ 36 ಗೇಜ್ ತಾಮ್ರದ ತಂತಿ ಸಾಕು. ಬೋರ್‌ವೆಲ್ ಮೋಟಾರಿನದು ಬೇಡ, ತೀರಾ ದಪ್ಪ.

ಗರಿ ಬಲಿತ ನಾಟಿ ಹುಂಜದ ಕತ್ತಿನದಾಗಿರಲಿ. ಬುಡದ ತುಪ್ಪಳ ಕಿತ್ತು ದಂಟನ್ನು 4 ಮಿ.ಮೀ. ಬೋಳು ಮಾಡಿ ಮುಂಭಾಗದಲ್ಲಿ ಕಟ್ಟಿ. ತುಪ್ಪಳ ಉಳಿದರೆ ನೂಲು ಅದರ ಮೇಲೆ ಜಾರುತ್ತದೆ. ಗರಿಯನ್ನು ಹಿಂದಕ್ಕೆ ಬಾಗಿನವರೆಗೆ ಬಿಡಿಬಿಡಿಯಾಗಿ 5 ಸುತ್ತು ಸುತ್ತಿ, ತುದಿಯನ್ನು ತಂತಿಯಿಂದ ಎರಡು ಸುತ್ತು ಬಿಗಿಯಿರಿ. ಅದೇ ತಂತಿಯನ್ನು ಗರಿಯ ಎಳೆಗಳು ಅದುಮಿಹೋಗದಂತೆ ಸ್ವಲ್ಪ ಅಲ್ಲಾಡಿಸುತ್ತಾ ಮುಂದಕ್ಕೆ ತನ್ನಿ. ಪ್ರತಿ ಸುತ್ತಿನ ದಂಟನ್ನೂ ತಂತಿ ಅಡ್ಡ ಹಾಯಲೇಬೇಕು: ಆಗ ಒಂದು ಕಡೆ ದಂಟು ಹರಿದರೂ ಉಳಿದದ್ದು ನಿಲ್ಲುತ್ತದೆ.

ಕಣ್ಣಿನ ಹಿಂದೆ ನೂಲಿನಿಂದ ತಂತಿ ಬಿಗಿದು ಗಂಟು ಹಾಕಿ, ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ತೊಟ್ಟು ಬಿಡಿ. ರಾತ್ರಿಯಿಡೀ ಒಣಗಲಿ.