ಗುಂಡು ಹಾರಿಸಿದ ಮೇಲೆ ಐವತ್ತನಾಲ್ಕು ವರ್ಷ

ಪ್ರಶ್ನೆ: ಮಗಳು ಪರೀಕ್ಷೆಗೆ ಓದುವ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಬೀನಾ ದಾಸ್ ಬಗ್ಗೆ ಒಂದೇ ಸಾಲಿದೆ: 1932ರಲ್ಲಿ ಬಂಗಾಳದ ಗವರ್ನರ್ ಮೇಲೆ ಗುಂಡು ಹಾರಿಸಿದವರು ಅಂತ. ಆಮೇಲೆ ಅವರನ್ನು ನೇಣಿಗೆ ಹಾಕಿದರಾ ಎಂದು ಕೇಳುತ್ತಿದ್ದಾಳೆ. ತಿಳಿಸ್ತೀರಾ ಸರ್?
(ಗೃಹಿಣಿ, ತಿಪಟೂರು)

ಉತ್ತರ: ಇಲ್ಲ ತಾಯಿ, ನೇಣಾಗಲಿಲ್ಲ. ಆಮೇಲೂ ಐವತ್ತನಾಲ್ಕು ವರ್ಷ ಬದುಕಿದ್ದರು. ಪುಸ್ತಕದವರಿಗೆ ಅದು ಬೇಡವಾಯಿತು, ಅಷ್ಟೆ.

ಫೆಬ್ರವರಿ 6, ಕಲ್ಕತ್ತಾ ವಿಶ್ವವಿದ್ಯಾಲಯದ ಘಟಿಕೋತ್ಸವ. ಬೀನಾಗೆ ಆಗಿನ್ನೂ ಇಪ್ಪತ್ತು. ಬಿ.ಎ. ಪದವಿ ಪಡೆಯಲು ಬಂದವರ ನಡುವೆ ಗೌನು ತೊಟ್ಟು ಕೂತಿದ್ದರು, ಗೌನಿನೊಳಗೆ ರಿವಾಲ್ವರ್. ಗವರ್ನರ್ ಸ್ಟ್ಯಾನ್ಲಿ ಜಾಕ್ಸನ್ ಭಾಷಣಕ್ಕೆ ನಿಂತಾಗ ಎದ್ದು ಮುಂದೆ ನಡೆದು ಐದು ಗುಂಡು ಹಾರಿಸಿದರು. ಒಂದೂ ಜಾಕ್ಸನ್‌ಗೆ ತಾಗಲಿಲ್ಲ. ಈ ಜಾಕ್ಸನ್ 1905ರ ಆಸ್ಟ್ರೇಲಿಯಾ ವಿರುದ್ಧದ ಟೆಸ್ಟ್ ಸರಣಿ ಆ್ಯಷಸ್‌ನಲ್ಲಿ ಇಂಗ್ಲೆಂಡ್ ಕ್ರಿಕೆಟ್ ತಂಡದ ನಾಯಕ, ಐದಕ್ಕೆ ಐದೂ ಟಾಸ್ ಗೆದ್ದ ಅದೃಷ್ಟವಂತ. ಬೌನ್ಸರ್ ಬಂದಂತೆ ಬಗ್ಗಿ ಪಾರಾದರು! ಉಪಕುಲಪತಿ ಹಸನ್ ಸುಹ್ರಾವರ್ದಿ ಮುನ್ನುಗ್ಗಿ ಬೀನಾರನ್ನು ಹಿಡಿದರು. ಆ ವರ್ಷವೇ ಅವರಿಗೆ 'ಸರ್' ಪದವಿ ಬಂತು.

ನನಗೆ ಹೆಚ್ಚು ಕುತೂಹಲವಿರುವುದು ರಿವಾಲ್ವರ್ ಬಂದ ದಾರಿಯ ಬಗ್ಗೆ. ಅದನ್ನು ಒದಗಿಸಿದವರು ಕಮಲಾ ದಾಸ್‌ಗುಪ್ತ. ಬಡ ಹೆಂಗಸರ ಹಾಸ್ಟೆಲೊಂದರ ಮ್ಯಾನೇಜರ್ ಆಕೆ. ಹಗಲೆಲ್ಲ ಹಾಸ್ಟೆಲಿನ ಲೆಕ್ಕಪತ್ರ, ಅದೇ ಕಟ್ಟಡದಲ್ಲಿ ಬಚ್ಚಿಟ್ಟ ಬಾಂಬು. ಪೊಲೀಸರು ಎಷ್ಟು ಕೇಳಿದರೂ ಬೀನಾ ಆ ಹೆಸರು ಬಾಯಿಬಿಡಲಿಲ್ಲ. ಜಾಕ್ಸನ್ ಎಂಬ ಮನುಷ್ಯನ ಮೇಲೆ ನನಗೆ ದ್ವೇಷವಿಲ್ಲ, ಆತ ಪ್ರತಿನಿಧಿಸುವ ಆಳ್ವಿಕೆಯ ಮೇಲೆ ಎಂದು ನ್ಯಾಯಾಲಯದಲ್ಲಿ ಹೇಳಿದರು. ಸುಭಾಷ್ ಬೋಸರಿಗೆ ಪಾಠ ಹೇಳಿದ್ದ ಮೇಷ್ಟ್ರು ಬೇಣಿ ಮಾಧವ ದಾಸರ ಮಗಳಲ್ಲವೇ, ಮಾತು ಬಿಗಿಯಾಗಿಯೇ ಇತ್ತು.

ಒಂಬತ್ತು ವರ್ಷ ಕಠಿಣ ಶಿಕ್ಷೆಯಾಯಿತು. 1939ರಲ್ಲಿ ಬಿಡುಗಡೆ. ಬುದ್ಧಿ ಬಂತು ಎಂದುಕೊಂಡವರಿದ್ದರೇನೋ, 1942ರಲ್ಲಿ ಕ್ವಿಟ್ ಇಂಡಿಯಾಕ್ಕಿಳಿದು ಮತ್ತೆ ಮೂರು ವರ್ಷ ಜೈಲು. ಹೊರಬಂದು ಬಂಗಾಳದ ಶಾಸನಸಭೆಗೆ ಹೋದರು. 1947ರಲ್ಲಿ ಹೋರಾಟದ ಒಡನಾಡಿ ಜತೀಶ್ ಭೌಮಿಕ್ ಅವರನ್ನು ಮದುವೆಯಾದರು. 1960ರಲ್ಲಿ ಪದ್ಮಶ್ರೀ. ಸಮಾಜಸೇವೆಗೆ ಎಂದು ಕೊಟ್ಟದ್ದು, ಗುಂಡಿಗಲ್ಲ.

ಕೊನೆಗಾಲ ಮಾತ್ರ ಓದಲು ಸಂಕಟ. ಗಂಡ ತೀರಿದ ಮೇಲೆ ಋಷಿಕೇಶದಲ್ಲಿ ಒಂಟಿಯಾಗಿದ್ದರು. 1986ರ ಡಿಸೆಂಬರ್‌ನಲ್ಲಿ ರಸ್ತೆ ಬದಿಯಲ್ಲಿ ಶವ ಸಿಕ್ಕಿತು. ಅದು ಯಾರದೆಂದು ಪೊಲೀಸರಿಗೆ ಕೂಡಲೇ ಗೊತ್ತಾಗಲಿಲ್ಲ. ಅಂದು ತಡೆಹಿಡಿದಿದ್ದ ಬಿ.ಎ. ಪದವಿಯನ್ನು ವಿಶ್ವವಿದ್ಯಾಲಯ ಕೊನೆಗೂ ಕೊಟ್ಟಿತು, 2012ರಲ್ಲಿ. ಯಾರ ಕೈಗೆ ಕೊಡುವುದು ಎಂಬ ಯೋಚನೆ ಆಗ ಬಂದಿರಬೇಕು.

ಅಂದ ಹಾಗೆ, ಪರೀಕ್ಷೆಯಲ್ಲಿ 'ಬೀನಾ ದಾಸ್ ಕೊಂದ ಗವರ್ನರ್ ಯಾರು' ಎಂದು ಯಾರಾದರೂ ಪ್ರಶ್ನೆ ತೆಗೆದರೆ ಮಗಳು ಆಕ್ಷೇಪಣೆ ಸಲ್ಲಿಸಲಿ. ಜಾಕ್ಸನ್ 1947ರವರೆಗೂ ಬದುಕಿದ್ದರು.