ಬಲ ಇದ್ದವರೇ ಗೆಲ್ಲುವಾಗ ಬೈಬಲ್ ಕೊಡುವ ಭರವಸೆ ಏನು?

ಅಧಿಕಾರದಲ್ಲಿ ಇರುವವರು ಕೊಟ್ಟ ತೀರ್ಪೇ ಕೊನೆಯ ತೀರ್ಪಲ್ಲ. ಬೈಬಲಿನ ಭರವಸೆ ಇಷ್ಟೇ. ನಂಬಿದವರಿಗೆ ಅನ್ಯಾಯವೇ ಆಗುವುದಿಲ್ಲ ಎಂದು ಅದು ಎಲ್ಲೂ ಮಾತು ಕೊಡುವುದಿಲ್ಲ.

ಇದರ ಬುಡ ಇರುವುದು ಶಿಲುಬೆಯಲ್ಲಿ. ಅದು ರೋಮ್ ಸರಕಾರ ಗುಲಾಮರಿಗೆ, ದಂಗೆ ಎದ್ದವರಿಗೆ ಕೊಡುತ್ತಿದ್ದ ಶಿಕ್ಷೆ. ಯೇಸುವಿನಲ್ಲಿ ತಪ್ಪು ಕಾಣುತ್ತಿಲ್ಲ ಎಂದು ರಾಜ್ಯಪಾಲ ಪಿಲಾತನೇ ಹೇಳಿದ. ಆಮೇಲೆ ಜನರ ಗದ್ದಲಕ್ಕೆ ಮಣಿದು ಕೊಲ್ಲಲು ಒಪ್ಪಿಸಿದ. ದೇವರು ಆತನನ್ನು ಮೂರನೆಯ ದಿನ ಎಬ್ಬಿಸಿದ ಎಂದು ಶಿಷ್ಯರು ಸಾರಿದರು. ಅಂದರೆ ಪಿಲಾತನ ತೀರ್ಪು ಮೇಲಿನ ಕೋರ್ಟಿನಲ್ಲಿ ರದ್ದಾಯಿತು.

ನಮ್ಮ ಕಾಸರಗೋಡಿನವರಿಗೆ ಬೈಬಲಿನ ಲೂಕ ಪುಸ್ತಕದ 18ನೇ ಅಧ್ಯಾಯದಲ್ಲಿ ಯೇಸು ಹೇಳುವ ವಿಧವೆಯ ಕತೆ ಬೇಗ ಹಿಡಿಸುತ್ತದೆ. ಮಲಯಾಳದಲ್ಲಿ ಬಂದ ಕಾಗದ ಹಿಡಿದು ಒಂದೇ ಆಫೀಸಿಗೆ ಏಳೆಂಟು ಸಲ ಅಲೆದ ಕನ್ನಡದ ಅಜ್ಜಿಯಂದಿರು ನಮ್ಮಲ್ಲಿ ಕಡಿಮೆಯೇ? ನ್ಯಾಯ ಕೇಳಿ ಒಬ್ಬ ನ್ಯಾಯಾಧಿಪತಿಯ ಹತ್ತಿರ ಮತ್ತೆ ಮತ್ತೆ ಹೋಗುವ ಆ ವಿಧವೆಯ ಪಾಡೂ ಅದೇ. ನ್ಯಾಯಾಧಿಪತಿಗೆ ದೇವರ ಭಯವಿಲ್ಲ, ಜನರ ಲೆಕ್ಕವಿಲ್ಲ. ಆದರೆ ಆಕೆಯ ಕಾಟ ತಡೆಯಲಾಗದೆ ಕೊನೆಗೆ ನ್ಯಾಯ ಕೊಡುತ್ತಾನೆ. ದೇವರೂ ಹೀಗೇ ಸತಾಯಿಸುತ್ತಾನೆ ಎಂದು ಇದನ್ನು ಓದುವವರಿದ್ದಾರೆ, ನನಗದು ಪೂರಾ ಉಲ್ಟಾ ಅನ್ನಿಸುತ್ತದೆ. ಅಂಥ ಕೆಟ್ಟವನೇ ಕಿವಿಗೊಟ್ಟ ಮೇಲೆ ದೇವರು ಕೊಡದೆ ಇರುತ್ತಾನಾ ಎಂಬುದು ಯೇಸು ಕೇಳುವ ಪ್ರಶ್ನೆ.

ಹಾಗಂತ ಸುಮ್ನೆ ಕೂರಬೇಕಿಲ್ಲ. ಆ ವಿಧವೆ ಮನೆಯಲ್ಲಿ ಕೂತಿರಲಿಲ್ಲ, ಅಲ್ವಾ? ಇವತ್ತು ರಾತ್ರಿಯೇ ಏನಾದರೂ ಓದಬೇಕಿದ್ದರೆ ಬೈಬಲಿನ ಪ್ರಾರ್ಥನೆಯ ಹಾಡುಗಳಾದ ಕೀರ್ತನೆಗಳಲ್ಲಿ 13ನೆಯದು ತೆಗೆಯಿರಿ. ಆರೇ ವಚನ. ಇನ್ನೂ ಎಷ್ಟು ಕಾಲ ಎಂದು ದೇವರನ್ನೇ ತರಾಟೆಗೆ ತೆಗೆದುಕೊಂಡು ಶುರುವಾಗುತ್ತದೆ.