ಹಲ್ಲಿನ ಹತ್ತರಿಗೆ ಬ್ಲೇಡ್ ಎಲ್ಲಿ ಸಿಗುತ್ತೆ? ನಾವೇ ಮಾಡಿಕೊಳ್ಳಬಹುದಾ?

ನಮಸ್ಕಾರ. ಮ್ಯೂನಿಕ್‌ನ ಹಳೇ ಸಾಮಾನಿನ ಸಂತೆಯಲ್ಲಿ ನಿಮಗೊಂದು ಮರದ ಹತ್ತರಿ (ಹಲಗೆ ಉಜ್ಜಿ ಮಟ್ಟ ಮಾಡುವ ಬಡಗಿಯ ಹತ್ಯಾರು) ಸಿಕ್ಕಿದೆ, ಬ್ಲೇಡ್ ಕೂರುವ ಜಾಗ ಹೆಚ್ಚುಕಡಿಮೆ ನೆಟ್ಟಗಿದೆ, ಆದರೆ ಬ್ಲೇಡೇ ಇಲ್ಲ, ಮಾರಿದವರು "ಇದು ಹಲ್ಲಿನದು" ಅಂದರು ಅಂತ ಬರೆದಿದ್ದೀರಿ. ಮಾಮೂಲಿ ಬ್ಲೇಡಿನ ಅಂಚಿಗೆ ಅರದಿಂದ ಕಚ್ಚು ಹಾಕಿದರೆ ಸಾಕಾ ಅಂತಲೂ ಕೇಳಿದ್ದೀರಿ. ಸಾಲದು. ನಾನೂ ಮೊದಲು ಹಾಗೇ ಮಾಡಿ ಒಂದು ಬ್ಲೇಡ್ ಹಾಳು ಮಾಡಿದ್ದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಹತ್ತರಿಗೆ ಕೆಲವರು ಉಜ್ಜುಗೊರಡು ಅಂತಾರೆ, ಕೆಲವರು ರಂದಾ ಅಂತಾರೆ. ನಮ್ಮ ಮನೆಯಲ್ಲಿ ಹತ್ತರಿ. ನಿಮ್ಮದು ನಿಜವಾಗಿ ಹಲ್ಲಿನದೇನಾ ಅಂತ ಮೊದಲು ನೋಡಿಕೊಳ್ಳಿ. ಬ್ಲೇಡ್ ಒರಗುವ ಮರದ ಮೇಲೆ ಉದ್ದಕ್ಕೆ ಒಂದು ತೋಡು ಕೊರೆದಿದೆಯಾ? ಇದ್ದರೆ ಅದು ಜೋಡಿ ಬ್ಲೇಡಿನ ಮಾಮೂಲಿ ಹತ್ತರಿ. ಮೇಲಿನ ಬ್ಲೇಡಿನ ತಿರುಪು ಕೂರಲಿ ಅಂತ ಆ ತೋಡು ಬಿಟ್ಟಿರುತ್ತಾರೆ. ಹಲ್ಲಿನದಕ್ಕೆ ಒಂದೇ ಬ್ಲೇಡು, ಆದ್ದರಿಂದ ಅಲ್ಲಿ ಮರ ಸಪಾಟಾಗಿರುತ್ತೆ. ಮಾಮೂಲಿ ಹತ್ತರಿಯಲ್ಲಿ ಬ್ಲೇಡ್ 45ರಿಂದ 50 ಡಿಗ್ರಿ ವಾಲಿರುತ್ತೆ. ಇದರಲ್ಲಿ 70ರಿಂದ 90. ಹಾಗಾಗಿ ಇದು ಮರವನ್ನು ಸೀಳಿ ಎತ್ತುವುದಿಲ್ಲ, ಕೆರೆಯುತ್ತೆ. ಸುರುಳಿ ಬರುವುದಿಲ್ಲ, ಸಣ್ಣ ಎಳೆಗಳೂ ಹೊಟ್ಟೂ ಬೀಳುತ್ತವೆ.

ಯಾಕೆ ಬೇಕಿತ್ತು ಇದು? ಯುರೋಪಿನ ಪೀಠೋಪಕರಣದ ಬಡಗಿಗಳು ವಿನಿಯರ್ (ಮೇಲೆ ಹೊದಿಸುವ ಮರದ ತೆಳು ಹಾಳೆ) ಅಂಟಿಸುವ ಮುಂಚೆ ಅಡಿಹಲಗೆಯನ್ನು ಇದರಿಂದ ಕೆರೆಯುತ್ತಿದ್ದರು. ಆಮೇಲೆ ಬಿಸಿ ಸರೇಸು ಹಚ್ಚಿ ವಿನಿಯರ್ ಕೂರಿಸುತ್ತಿದ್ದರು. ಆಗಿನ ವಿನಿಯರನ್ನು ಗರಗಸದಲ್ಲೇ ಕೊಯ್ಯುತ್ತಿದ್ದರು, ಒಂದೂವರೆ ಎರಡು ಮಿ.ಮೀ. ದಪ್ಪ ಇರುತ್ತಿತ್ತು. ಅದರ ಹಿಂಬದಿಯ ಗರಗಸದ ಗುರುತು ತೆಗೆಯುವುದಕ್ಕೂ ಇದೇ ಹತ್ತರಿ. ಗೀರಿದ್ದರೆ ಅಂಟು ಗಟ್ಟಿಯಾಗಿ ಹಿಡಿಯುತ್ತೆ ಅಂತ ಹಳಬರು ಹೇಳುತ್ತಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ದೊಡ್ಡ ಲಾಭ ಮಟ್ಟದ್ದು. ಎಳೆ ಹೇಗೇ ತಿರುಚಿಕೊಂಡಿರಲಿ, ಮರ ಕಿತ್ತು ಬರದೆ ಉಬ್ಬು ಮಾತ್ರ ಇಳಿಯುತ್ತೆ. ಬೀಟೆಯ ಒಂದು ತುಂಡು ನನ್ನ ಹತ್ತಿರ ಇದೆ. ಎಳೆ ಒಂದು ಇಂಚು ಆ ಕಡೆ, ಇನ್ನೊಂದು ಇಂಚು ಈ ಕಡೆ. ಯಾವ ಹತ್ತರಿ ಹಾಕಿದರೂ ಚಕ್ಕೆ ಏಳುತ್ತಿತ್ತು. ಇದರಲ್ಲಿ ಓರೆಯಾಗಿ ಒಮ್ಮೆ ಆ ಕಡೆಯಿಂದ, ಒಮ್ಮೆ ಈ ಕಡೆಯಿಂದ ಹೊಡೆದೆ. ಮಟ್ಟಗೋಲು ಇಟ್ಟರೆ ಬೆಳಕು ತೂರಲಿಲ್ಲ. ಆದರೆ ಈಗ ಅಂಗಡಿಯಲ್ಲಿ ಸಿಗುವ ಅರ್ಧ ಮಿ.ಮೀ. ವಿನಿಯರಿಗೆ ಮಾತ್ರ ಇದನ್ನು ತಾಗಿಸಬೇಡಿ, ಹರಿದೇ ಹೋಗುತ್ತೆ. ಅಡಿಹಲಗೆಗೆ ಮಾತ್ರ ಹಾಕಿ.

ಈಗ ಬ್ಲೇಡಿನ ವಿಷಯ. ಹಲ್ಲು ಇರುವುದು ಅಂಚಿನಲ್ಲಲ್ಲ, ಬ್ಲೇಡಿನ ಮುಖದ ಮೇಲೆ. ಚಪ್ಪಟೆ ಮುಖದ ಮೇಲೆ ಉದ್ದಕ್ಕೆ ಸಾಲುಸಾಲಾಗಿ ಗೀರು ಇರುತ್ತೆ. ಹಿಂದಿನಿಂದ ಓರೆಯಾಗಿ ಸಾಣೆ ಹಿಡಿದಾಗ ಆ ಗೀರುಗಳು ಅಂಚಿಗೆ ಬಂದು ಹಲ್ಲಾಗುತ್ತವೆ. ಅಲೆಅಲೆಯ ತಗಡಿನ ಶೀಟನ್ನು ಎಲ್ಲಿ ಕತ್ತರಿಸಿದರೂ ಅಂಚು ಅಲೆಯಾಗೇ ಇರುತ್ತಲ್ಲ, ಹಾಗೆ. ಎಷ್ಟು ಸಲ ಸಾಣೆ ಹಿಡಿದರೂ ಹಲ್ಲು ಹೊಸದಾಗಿ ಬರುತ್ತಲೇ ಇರುತ್ತೆ. ಅಂಚಿಗೆ ಮಾತ್ರ ಕಚ್ಚು ಹಾಕಿದ ನನ್ನ ಮೊದಲ ಬ್ಲೇಡು ಮೂರನೇ ಸಾಣೆಗೇ ಬೋಳಾಯಿತು.

ಎರಡನೇ ತಪ್ಪು ಇದಕ್ಕಿಂತ ಬೇಜಾರಿನದು. ಒಳ್ಳೆಯ ಹಳೇ ಬ್ಲೇಡ್ ಸಿಕ್ಕಿತ್ತು. ಉಳಿಗೆ ಮಾಡುವ ಹಾಗೆ ಅಭ್ಯಾಸಬಲದಿಂದ ಅದರ ಮುಖವನ್ನೂ ಕಲ್ಲಿಗಿಟ್ಟು ಉಜ್ಜಿದೆ. ಗೀರಿನ ಆಳ ಅರ್ಧಕ್ಕೆ ಬಂತು. ದಯವಿಟ್ಟು ಆ ಮುಖವನ್ನು ಮುಟ್ಟಬೇಡಿ. ತುಕ್ಕು ಇದ್ದರೆ ಎಣ್ಣೆ ಹಾಕಿ ಹಿತ್ತಾಳೆ ಬ್ರಷ್‌ನಲ್ಲಿ ಉಜ್ಜಿ, ಅಷ್ಟೇ.

ಕೊಳ್ಳುವುದಾದರೆ ನೀವು ಇರುವ ದೇಶವೇ ಒಳ್ಳೆಯದು. ಜರ್ಮನ್‌ನಲ್ಲಿ ಇದಕ್ಕೆ ತ್ಸಾನ್‌ಹೋಬೆಲ್ ಅಂತಾರೆ. ತ್ಸಾನ್ ಅಂದರೆ ಹಲ್ಲು, ಹೋಬೆಲ್ ಅಂದರೆ ಹತ್ತರಿ. ಹಳೇ ಸಾಮಾನು ಮಾರುವ ಕ್ಲೈನ್‌ಆನ್‌ತ್ಸೈಗೆನ್ ಜಾಲತಾಣದಲ್ಲಿ ಆ ಪದ ಹಾಕಿ ಹುಡುಕಿ. ನಾನಿರುವುದು ವುಪ್ಪರ್ಟಾಲ್‌ನಲ್ಲಿ. ಪಕ್ಕದ ರೆಮ್‌ಶೈಡ್ ಹತ್ಯಾರಿನ ಊರು, ಅಲ್ಲೊಂದು ಹತ್ಯಾರಿನ ಮ್ಯೂಸಿಯಮ್ಮೇ ಇದೆ. ಆ ಊರಿನ ಎಮ್ಮೆರಿಶ್ ಕಂಪನಿಯ ಇ.ಸಿ.ಇ. ಮುದ್ರೆ ಇರುವ ಮರದ ಹತ್ತರಿಗಳು ಸಂತೆಗಳಲ್ಲಿ ಕಾಣಸಿಗುತ್ತವೆ. ಇಂಗ್ಲೆಂಡಿನ ಕಡೆಯಿಂದ ತರಿಸುವುದಾದರೆ ಟೂದಿಂಗ್ ಐರನ್ ಅಂತ ಹುಡುಕಿ. ಶೆಫೀಲ್ಡ್‌ನ ವಿಲಿಯಂ ಮಾರ್ಪಲ್ಸ್, ವಾರ್ಡ್ ಅಂಡ್ ಪೇನ್ ಮುದ್ರೆ ಇದ್ದರೆ ಉಕ್ಕು ಚೆನ್ನಾಗಿರುತ್ತೆ. ಬ್ಲೇಡಿಲ್ಲದ ಹತ್ತರಿಗೆ ಬ್ಲೇಡ್ ಹುಡುಕುವುದಕ್ಕಿಂತ, ಮರ ಸೀಳಿ ಹೋದ ಇನ್ನೊಂದು ಹತ್ತರಿಯನ್ನು ಬ್ಲೇಡಿಗೋಸ್ಕರ ಕೊಳ್ಳುವುದು ಎಷ್ಟೋ ಸಲ ಅಗ್ಗ.

ಕೊಳ್ಳುವ ಮುಂಚೆ ಮೂರು ವಿಷಯ ಕೇಳಿ: ಅಗಲ, ದಪ್ಪ, ಗೀರು ಇನ್ನೂ ಎಷ್ಟು ಉದ್ದ ಉಳಿದಿದೆ. ಜರ್ಮನ್ ಬ್ಲೇಡುಗಳು ಸಾಮಾನ್ಯವಾಗಿ 48 ಮಿ.ಮೀ. ಅಗಲ ಇರುತ್ತವೆ. ಹಳೇ ಬ್ಲೇಡುಗಳು ಅಂಚಿನ ಕಡೆ ದಪ್ಪ, ಮೇಲಕ್ಕೆ ಹೋದಂತೆ ತೆಳು. ನಿಮ್ಮ ಹತ್ತರಿಯ ಬೆಣೆ ಅದಕ್ಕೆ ಕೂರದಿದ್ದರೆ ಹೊಸ ಬೆಣೆ ಕೆತ್ತಿಕೊಳ್ಳಬೇಕು, ಅದು ಅರ್ಧ ಗಂಟೆ ಕೆಲಸ. ಲೀ-ನೀಲ್ಸನ್, ವೆರಿಟಾಸ್ ಕಂಪನಿಯವರೂ ಹಲ್ಲಿನ ಬ್ಲೇಡ್ ಮಾಡುತ್ತಾರೆ. ಅವು ಕಬ್ಬಿಣದ ಹತ್ತರಿಗಳಿಗೆ ಅಂತ ಮಾಡಿದ್ದು. ನಿಮ್ಮದಕ್ಕೆ ನೇರವಾಗಿ ಕೂರುತ್ತೆ ಅಂತ ನಂಬಿ ದುಡ್ಡು ಹಾಕಬೇಡಿ.

ಮಾಡಿಕೊಳ್ಳುವುದಾದರೆ ನಾನು ಮಾಡಿದ್ದು ಹೀಗೆ. ಒಂದು ಹಳೇ ಮರದ ಹತ್ತರಿಯ ಒಂಟಿ ಬ್ಲೇಡ್ ತೆಗೆದುಕೊಂಡೆ. ಉಕ್ಕು ಮೆದುವಾಗಲಿ ಅಂತ ಅದರ ತುದಿಯನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ರಾತ್ರಿಯಿಡೀ ಆರಲು ಬಿಟ್ಟೆ. ಬೆಳಿಗ್ಗೆ ಅರ ಕಚ್ಚಿತು. ಕಚ್ಚದೆ ಜಾರಿದರೆ ಇನ್ನೊಮ್ಮೆ ಕಾಯಿಸಬೇಕು. ಗೀರುಗಳು ಒಂದೇ ಸಮ ಬರಬೇಕಲ್ವಾ, ಅದಕ್ಕೆ ಹ್ಯಾಕ್‌ಸಾ ಫ್ರೇಮಿಗೆ ಎರಡು ಬ್ಲೇಡ್ ಜೋಡಿಸಿ ನಡುವೆ ತೆಳು ತಗಡು ಇಟ್ಟೆ. ಮೊದಲ ಗೀರನ್ನು ಮಾತ್ರ ಒಂದು ಉಕ್ಕಿನ ಪಟ್ಟಿ ಬಿಗಿದು ನೇರವಾಗಿ ಹಾಕಬೇಕು. ಆಮೇಲೆ ಒಂದು ಗರಗಸ ಹಳೇ ಗೀರಿನಲ್ಲಿ ಓಡುತ್ತೆ, ಇನ್ನೊಂದು ಪಕ್ಕದಲ್ಲಿ ಹೊಸದು ಕೊರೆಯುತ್ತೆ. ಒಂದೂವರೆ ಮಿ.ಮೀ. ಅಂತರದಲ್ಲಿ 31 ಗೀರು, 30 ಮಿ.ಮೀ. ಉದ್ದ. ಇಂಚಿಗೆ 17 ಹಲ್ಲಿನ ಹತ್ತಿರ ಆಯಿತು. ಇದು ಒರಟು ಬ್ಲೇಡಿನ ಲೆಕ್ಕ. ನಯ ಬೇಕಿದ್ದರೆ ಇಂಚಿಗೆ 25, 30 ಹಲ್ಲಿನವು ಇವೆ, ಅವನ್ನು ಕೈಯಲ್ಲಿ ಮಾಡುವುದು ಕಷ್ಟ. ಬಂದೂಕು ರಿಪೇರಿ ಮಾಡುವವರು ಬಳಸುವ ಗೆರೆ ಹಾಕುವ ಅರ ಸಿಕ್ಕರೆ ಹಲವು ಗೀರು ಒಟ್ಟಿಗೇ ಬೀಳುತ್ತವೆ, ಆದರೆ ಅದು ದುಬಾರಿ. ಕೊನೆಗೆ ಸಣ್ಣ ಮೂರುಮೂಲೆ ಅರದಿಂದ ಪ್ರತಿ ಗೀರನ್ನೂ ಚೂಪು ಮಾಡಿದೆ. ಎರಡು ಭಾನುವಾರ ಹಿಡಿಯಿತು. ಕೊನೆಯ ಗೀರು ಮುಗಿಸಿ ಬೆಳಕಿಗೆ ಹಿಡಿದಾಗ ಬಾಚಣಿಗೆಯ ಹಾಗೆ ಹೊಳೆಯಿತು. ಆ ಖುಷಿ ಇನ್ನೂ ನೆನಪಿದೆ.

ಆಮೇಲೆ ಹದ, ಅಂದರೆ ಮೆದುವಾದ ಉಕ್ಕನ್ನು ಮತ್ತೆ ಗಟ್ಟಿ ಮಾಡುವುದು. ಹಿಂಬದಿಯಿಂದ ಕಾಯಿಸಿ, ಹಲ್ಲಿಗೆ ನೇರವಾಗಿ ಬೆಂಕಿ ತಾಗಿಸಬೇಡಿ, ತುದಿ ಬೇಗ ಸುಡುತ್ತೆ. ಅಯಸ್ಕಾಂತ ಅಂಟುವುದು ನಿಂತಮೇಲೆ ಇನ್ನೊಂದು ಚೂರು ಕಾಯಿಸಿ, ಬೆಚ್ಚಗಿನ ಎಣ್ಣೆಯಲ್ಲಿ ನೆಟ್ಟಗೆ ಅದ್ದಿ. ಎಣ್ಣೆಗೆ ಬೆಂಕಿ ಹತ್ತಬಹುದು, ಈ ಕೆಲಸ ಮನೆಯ ಹೊರಗೇ ಆಗಲಿ, ಮುಚ್ಚಳ ಕೈಗೆ ಸಿಗುವ ಹಾಗಿರಲಿ. ಈಗ ಅರ ಜಾರಬೇಕು. ತಿಕ್ಕಿ ಬೆಳ್ಳಗೆ ಮಾಡಿ, ಓವನ್ನಿನಲ್ಲಿ 200 ಡಿಗ್ರಿಗೆ ಒಂದು ಗಂಟೆ ಇಡಿ. ಒಣಹುಲ್ಲಿನ ಬಣ್ಣ ಬಂದರೆ ಸರಿ.

ಸಾಣೆಯನ್ನು ಹಿಂದಿನ ಓರೆಗೆ ಮಾತ್ರ, 30 ಡಿಗ್ರಿ ಆಸುಪಾಸು ಹಿಡಿಯಿರಿ. ನೇರವಾಗಿ ಎಳೆದರೆ ಹಲ್ಲು ಕಲ್ಲನ್ನೇ ಗೀರುತ್ತೆ, ಆದ್ದರಿಂದ ಅಡ್ಡಡ್ಡ ಆಡಿಸಿ. ಸಾಣೆಯಾದ ಮೇಲೆ ಹಲ್ಲುಗಳ ಸಂದಿಯಲ್ಲಿ ತಂತಿಯಂಥ ಜೂಲು ಉಳಿಯುತ್ತೆ. ಮುಖವನ್ನು ಕಲ್ಲಿಗೆ ಉಜ್ಜುವ ಹಾಗಿಲ್ಲವಲ್ಲ, ಅದಕ್ಕೆ ಪೈನ್ ಮರದ ತುಂಡಿನ ಕೊಯ್ದ ತುದಿಗೆ ಅಂಚನ್ನು ಎರಡು ಮೂರು ಸಲ ಮೆಲ್ಲಗೆ ಕುಟ್ಟಿ. ಜೂಲು ಮರದಲ್ಲೇ ಉಳಿಯುತ್ತೆ. ಬ್ಲೇಡ್ ಕೂರಿಸುವಾಗ ಗೀರಿರುವ ಮುಖ ಮುಂದಕ್ಕಿರಲಿ.

ನಿಮ್ಮ ಹತ್ತರಿಯ ಬಾಯಿಯ (ತಳದಲ್ಲಿ ಬ್ಲೇಡ್ ಹೊರಬರುವ ಸಂದಿಯ) ಅಗಲ ಎಷ್ಟು ಅಂತ ಅಳೆದು ಕಾಮೆಂಟಿನಲ್ಲಿ ಹಾಕಿ. 48ಕ್ಕೆ ಹೊಂದಿದರೆ, ನಾನು ಮುಖ ಉಜ್ಜಿದ ಆ ಹಳೇ ಬ್ಲೇಡ್ ಇನ್ನೂ ಇದೆ. ಆಳ ಕಡಿಮೆಯಾದರೂ ಕೆಲಸ ಕಲಿಯುವುದಕ್ಕೆ ಸಾಕು, ಅಂಚೆಯಲ್ಲಿ ಕಳಿಸುತ್ತೇನೆ.